ಗುಲಾಬಿ ಬುಡದಲ್ಲಿ ಗಂಟು, ಕೆತ್ತಿ ತೆಗೆದ್ರೂ ಮತ್ತೆ ಬರ್ತಿದೆ, ಏನ್ಮಾಡ್ಲಿ?

ಟೆರೇಸ್‌ಗುಲಾಬಿ:
ಎಲ್ರಿಗೂ ನಮಸ್ಕಾರ. ಎರಡು ವರ್ಷದ ಕಸಿ ಗುಲಾಬಿ, ಕಸಿ ಕಟ್ಟಿರೋ ಜಾಗದ ಕೆಳಗೇ ಮಣ್ಣಿಗೆ ತಾಗಿಕೊಂಡು ನೆಲ್ಲಿಕಾಯಿ ಗಾತ್ರದ ಗಂಟು ಬಂದಿತ್ತು, ಮೊದ್ಲು ಬೆಳ್ಳಗೆ ಮೆತ್ತಗಿತ್ತು, ಆಮೇಲೆ ಕಂದಾಗಿ ಒಣಗಿದ ಹೂಕೋಸಿನ ಥರ ಬಿರುಕು ಬಿಡ್ತು. ಬ್ಲೇಡಲ್ಲಿ ಪೂರ್ತಿ ಕೆತ್ತಿ ಅರಿಶಿನ ಮೆತ್ತಿದೆ, ಫಂಗಿಸೈಡೂ ಹೊಡೆದೆ. ಮೂರು ತಿಂಗಳಿಗೆ ಅದೇ ಜಾಗದಲ್ಲಿ ಎರಡು ಎದ್ದಿವೆ! ಗೊಬ್ಬರದಂಗಡಿಯವ್ರು ನೆಮಟೋಡ್ (ಬೇರಿಗೆ ಬೀಳೋ ಸೂಕ್ಷ್ಮ ಹುಳ) ಅಂತಾರೆ. ನೆಟ್ಟಲ್ಲಿ ನೋಡಿದ್ರೆ ಬ್ಯಾಕ್ಟೀರಿಯಾ ಗಿಡದ ಜೀನನ್ನೇ ಬದಲಾಯಿಸತ್ತೆ ಅಂತಿದೆ. ನಿಜಾನಾ ಇದು?

ಮಣ್ಣಿನ‌ಮಗ:
ನೆಮಟೋಡ್ ಅಲ್ಲ ಬಿಡಿ. ಅದಾದ್ರೆ ಬೇರಿನ ಉದ್ದಕ್ಕೂ ಮಣಿ ಪೋಣಿಸಿದಂಗೆ ಸಣ್ಣ ಸಣ್ಣ ಗಂಟು ಇರತ್ತೆ, ಟೊಮ್ಯಾಟೊ ಗಿಡ ಕಿತ್ತವ್ರಿಗೆ ಗೊತ್ತು. ನಿಮ್ದು ಕ್ರೌನ್ ಗಾಲ್ ಅನ್ನೋ ಬ್ಯಾಕ್ಟೀರಿಯಾದ ಗಂಟು ರೋಗ ಅನ್ಸತ್ತೆ. ಫಂಗಸ್ಸೇ ಅಲ್ಲದ್ದಕ್ಕೆ ಫಂಗಿಸೈಡ್ ಏನು ಮಾಡೀತು?

ಲ್ಯಾಬ್‌ಕೋಟು:
ನೆಟ್ಟಲ್ಲಿ ಓದಿದ್ದು ನಿಜಾನೇ. ಆಗ್ರೋಬ್ಯಾಕ್ಟೀರಿಯಂ ಅಂತ ಮಣ್ಣಲ್ಲಿರೋ ಬ್ಯಾಕ್ಟೀರಿಯಾ. ಕಸಿ ಮಾಡುವಾಗ, ಕತ್ತರಿ ಹಾಕುವಾಗ ಗಿಡಕ್ಕೆ ಗಾಯ ಆದ್ರೆ ಅಲ್ಲಿಂದ ಫೀನಾಲ್ ಜಾತಿಯ ರಾಸಾಯನಿಕ ಒಸರತ್ತೆ, ಅದರ ಸುಳಿವು ಸಿಕ್ಕಿದ್ದೇ ತಡ ಇದು ತನ್ನ ಹತ್ರ ಇರೋ ಟಿಐ ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರದಿಂದ ಒಂದು ತುಂಡು ಕತ್ತರಿಸಿ ಗಿಡದ ಜೀವಕೋಶದೊಳಗೆ ತಳ್ಳತ್ತೆ, ಅದು ಹೋಗಿ ಗಿಡದ ಕ್ರೋಮೋಸೋಮಲ್ಲೇ ಸೇರ್ಕೊಳತ್ತೆ. ಆ ತುಂಡಲ್ಲಿ ಆಕ್ಸಿನ್, ಸೈಟೋಕೈನಿನ್ ಹಾರ್ಮೋನ್ ಮಾಡೋ ಜೀನ್‌ಗಳಿವೆ, ಹಂಗಾಗಿ ಜೀವಕೋಶಗಳು ಲಂಗುಲಗಾಮಿಲ್ಲದೆ ಬೆಳೀತವೆ, ಅದೇ ನಿಮ್ಮ ಗಂಟು. ಮಜಾ ಏನಂದ್ರೆ ಜೊತೆಗೆ ಓಪೈನ್ ಅನ್ನೋ ಪದಾರ್ಥ ಮಾಡೋ ಜೀನೂ ಇರತ್ತೆ. ಗಿಡಕ್ಕೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ, ತಿನ್ನೋದು ಈ ಬ್ಯಾಕ್ಟೀರಿಯಾ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ!

ಟೆರೇಸ್‌ಗುಲಾಬಿ:
ಅಯ್ಯೋ. ಹಾಗಾದ್ರೆ ಬ್ಯಾಕ್ಟೀರಿಯಾ ಸಾಯಿಸೋ ಔಷಧಿ ಹಾಕಿದ್ರೆ ನಿಲ್ಲಲ್ವಾ ಮೇಡಂ?

ಲ್ಯಾಬ್‌ಕೋಟು:
ನಿಲ್ಲಲ್ಲ. 1940ರ ದಶಕದಲ್ಲಿ ಆರ್ಮಿನ್ ಬ್ರೌನ್ ಅನ್ನೋ ಅಮೆರಿಕದ ವಿಜ್ಞಾನಿ ನಮ್ಮ ನಿತ್ಯಪುಷ್ಪದ ಗಿಡಕ್ಕೆ ಇದನ್ನ ಅಂಟಿಸಿ, ಆಮೇಲೆ ಗಿಡಾನ 46-47 ಡಿಗ್ರಿ ಬಿಸೀಲಿಟ್ಟು ಬ್ಯಾಕ್ಟೀರಿಯಾನೆಲ್ಲ ಕೊಂದ್ರು. ಗಿಡ ಬದುಕ್ತು, ಗಂಟು ಬೆಳೀತಾನೇ ಇತ್ತು. ಯಾಕೆ ಅಂತ ಪೂರ್ತಿ ಗೊತ್ತಾಗೋಕೆ 1977 ಬೇಕಾಯ್ತು, ಮೇರಿ-ಡೆಲ್ ಚಿಲ್ಟನ್ ಅವರ ತಂಡ ತಂಬಾಕಿನ ಗಂಟಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ತುಂಡನ್ನೇ ಹಿಡಿದು ತೋರಿಸ್ತು. ಆಮೇಲೆ ಗಂಟಿನ ಜೀನ್ ತೆಗೆದು ಬೇಕಾದ ಜೀನ್ ಇಟ್ಟು ಕಳ್ಸೋದನ್ನ ಕಲಿತ್ರು. ನಮ್ಮ ಹಾವೇರಿ ಕಡೆ ಬೆಳೆಯೋ ಬಿಟಿ ಹತ್ತಿ ಇದೆಯಲ್ಲ, ಅದಕ್ಕೆ ಕಾಯಿಕೊರಕ ಹುಳ ಕೊಲ್ಲೋ ಬಿಟಿ ಜೀನ್ ಹೊತ್ತುಕೊಂಡು ಹೋಗಿದ್ದೂ ಇದೇ ಬ್ಯಾಕ್ಟೀರಿಯಾ.

ಪೇಟೆ‌ಹುಡುಗ:
ಜೀನ್ ಬದಲಾದ ಗಿಡದ ಹೂವು ದೇವರಿಗೆ ಇಡಬಹುದಾ? 😀

ಲ್ಯಾಬ್‌ಕೋಟು:
ಧಾರಾಳವಾಗಿ ಇಡಿ, ಬದಲಾಗಿರೋದು ಗಂಟಿನ ಜೀವಕೋಶ ಮಾತ್ರ, ಹೂವಲ್ಲ. ಇನ್ನು ಗೆಣಸು ತಿಂದಿದ್ದೀರಲ್ಲ? ಅದರಲ್ಲಿ ಈ ಜಾತಿ ಬ್ಯಾಕ್ಟೀರಿಯಾದ ಡಿಎನ್‌ಎ ಎಷ್ಟೋ ಕಾಲದ ಹಿಂದೆ ತಾನಾಗೇ ಸೇರ್ಕೊಂಡಿದೆ, 2015ರಲ್ಲಿ ಗೊತ್ತಾಗಿದ್ದು.

ಮಣ್ಣಿನ‌ಮಗ:
ಗೆಣಸು ಇರ್ಲಿ, ಕೆಲಸಕ್ಕೆ ಬರೋಣ. ಆ ಗಿಡ ಬೇರು ಸಮೇತ ಕಿತ್ತುಬಿಡಿ, ಕಾಂಪೋಸ್ಟ್‌ಗೆ ಮಾತ್ರ ಹಾಕ್ಬೇಡಿ, ಆ ಕುಂಡದ ಮಣ್ಣಲ್ಲಿ ಮತ್ತೆ ಗುಲಾಬಿ ಬೇಡ. ಕೆ84 ಅಂತ ಒಂದು ಒಳ್ಳೇ ಬ್ಯಾಕ್ಟೀರಿಯಾ ಇದೆ, ಆದ್ರೆ ಅದು ನೆಡೋಕೆ ಮುಂಚೆ ಬೇರು ಅದ್ದೋಕೆ, ಗಂಟು ಬಂದ ಮೇಲೆ ಉಪಯೋಗ ಇಲ್ಲ. ಮತ್ತೆ ಆ ಬ್ಲೇಡು ಬೇರೆ ಗಿಡಕ್ಕೂ ಹಾಕಿದ್ರಾ?

ಟೆರೇಸ್‌ಗುಲಾಬಿ:
ಹಾಕಿದೀನಿ ಸಾರ್… ಅದೇ ದಿನ ಇನ್ನೂ ನಾಲ್ಕು ಗುಲಾಬಿ ಪ್ರೂನ್ ಮಾಡಿದ್ದೆ. ಈಗ್ಲೇ ಟಾರ್ಚ್ ತಗೊಂಡು ಮೇಲೆ ಹೋಗ್ತೀನಿ.