ಕಾರ್ಟಿನವರೆಗೆ ಬಂದ ಗಿರಾಕಿ ಎಲ್ಲಿ ನಿಂತರು? ಸೆಷನ್ ರೆಕಾರ್ಡಿಂಗ್ ಬಳಸಿದವರ ಅನುಭವಗಳು

ಕೇಳಿದವರು: ಇಳಕಲ್ ಸೀರೆಗಳ ಜಾಲತಾಣ ನಡೆಸುವವರು, ಬಾಗಲಕೋಟೆ ಜಿಲ್ಲೆ

ನಮ್ಮ ಮನೆತನದ ಸೀರೆ ವ್ಯಾಪಾರವನ್ನು ಜಾಲತಾಣಕ್ಕೆ ತಂದ ಮೇಲೆ ನೋಡುವವರಿಗೇನೂ ಕೊರತೆಯಾಗಿಲ್ಲ. ಹೆಚ್ಚಿನವರು ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರ ಕಂಡು ಮೊಬೈಲಿನಲ್ಲೇ ಬರುತ್ತಾರೆ. ಆದರೆ ಸೀರೆಯನ್ನು ಕಾರ್ಟಿಗೆ ಹಾಕಿದವರಲ್ಲಿ ಬಹಳ ಮಂದಿ ಹಣ ಕಟ್ಟದೆ ಹೊರಟುಹೋಗುತ್ತಾರೆ. ಜಾಲತಾಣ ಮಾಡಿಕೊಟ್ಟವರು ಮೈಕ್ರೋಸಾಫ್ಟ್ ಕ್ಲಾರಿಟಿ ಎಂಬ ಸಾಧನವನ್ನು ಜೋಡಿಸಿ, ಗಿರಾಕಿಗಳ ಓಡಾಟದ ರೆಕಾರ್ಡಿಂಗ್ ನೋಡಿದರೆ ಕಾರಣ ತಿಳಿಯುತ್ತದೆ ಎಂದಿದ್ದಾರೆ. ಅಂಗಡಿ ಮುಚ್ಚಿದ ಮೇಲೆ ಕುಳಿತು ನೋಡುತ್ತೇನೆ. ಪುಟ ಮೇಲೆ ಕೆಳಗೆ ಸರಿಯುವುದು ಕಾಣುತ್ತದೆ, ಅದರಿಂದ ಏನು ತಿಳಿಯಬೇಕೆಂಬುದು ಮಾತ್ರ ಹೊಳೆಯುತ್ತಿಲ್ಲ. ಈ ಸಾಧನದಿಂದ ಏನನ್ನಾದರೂ ಸರಿಪಡಿಸಿಕೊಂಡವರು ತಮ್ಮ ಅನುಭವವನ್ನು ತಿಳಿಸುವಿರಾ? ಗಿರಾಕಿಗೆ ಗೊತ್ತಿಲ್ಲದಂತೆ ಹೀಗೆ ನೋಡುವುದು ಸರಿಯೇ ಎಂಬ ಅಳುಕೂ ಇದೆ.

ಬೆಂಗಳೂರಿನಿಂದ, ಆನ್‌ಲೈನ್ ಅಂಗಡಿಗಳ ಬಳಕೆ ಪರಿಶೀಲಿಸುವವರು

ಮೊದಲು ರೆಕಾರ್ಡಿಂಗ್‌ಗಳನ್ನು ಬಂದ ಸಾಲಿನಲ್ಲೇ ನೋಡುತ್ತಾ ಹೋಗುವುದನ್ನು ನಿಲ್ಲಿಸಿ. ನೋಡಲು ಕೂರುವ ಮುನ್ನ ಕೈಯಲ್ಲಿ ಒಂದು ಪ್ರಶ್ನೆ ಇರಬೇಕು, ಆ ಪ್ರಶ್ನೆ ಅಂಕಿಗಳಿಂದ ಹುಟ್ಟಿರಬೇಕು. ಸೀರೆಯ ಪುಟ, ಕಾರ್ಟ್, ವಿಳಾಸ, ಪಾವತಿ ಎಂಬ ನಾಲ್ಕು ಹಂತಗಳಲ್ಲಿ ಯಾವುದನ್ನು ದಾಟುವಾಗ ಜನ ಹೆಚ್ಚಾಗಿ ಕಳಚಿಕೊಳ್ಳುತ್ತಾರೆ ಎಂಬುದನ್ನು, ಜಾಲತಾಣಕ್ಕೆ ಬಂದವರ ಲೆಕ್ಕ ಕೊಡುವ ಗೂಗಲ್ ಅನಲಿಟಿಕ್ಸ್‌ನಲ್ಲೋ ನಿಮ್ಮ ಅಂಗಡಿಯ ತಂತ್ರಾಂಶದಲ್ಲೋ ನೋಡಿಕೊಳ್ಳಿ. ವಿಳಾಸದ ಹಂತದಲ್ಲಿ ಎಂದಾದರೆ, ವಿಳಾಸದ ಪುಟಕ್ಕೆ ಬಂದು, ಆರ್ಡರ್ ಆಯಿತೆಂದು ತಿಳಿಸುವ ಪುಟವನ್ನು ತಲುಪದ ಮೊಬೈಲ್ ಬಳಕೆದಾರರನ್ನಷ್ಟೇ ಫಿಲ್ಟರ್ ಹಾಕಿ ಬೇರ್ಪಡಿಸಿ. ಅಂಥ ಹದಿನೈದು ಇಪ್ಪತ್ತು ರೆಕಾರ್ಡಿಂಗ್‌ಗಳನ್ನು ಗಮನವಿಟ್ಟು ನೋಡಿದರೆ, ಒಂದೇ ಬಗೆಯ ತಡವರಿಕೆ ಮತ್ತೆ ಮತ್ತೆ ಕಾಣತೊಡಗುತ್ತದೆ.

ನಾನು ಪರಿಶೀಲಿಸಿದ ಒಂದು ಅಂಗಡಿಯ ಉದಾಹರಣೆ ಹೇಳುತ್ತೇನೆ. ವಿಳಾಸದ ಪುಟದಲ್ಲಿ ಜನ 'ಮುಂದುವರಿಯಿರಿ' ಬಟನ್ನನ್ನು ಒತ್ತುತ್ತಿದ್ದರು, ಏನೂ ಆಗುತ್ತಿರಲಿಲ್ಲ, ಮತ್ತೆ ಒತ್ತಿ, ಕೊನೆಗೆ ಹೊರಟುಹೋಗುತ್ತಿದ್ದರು. ಮಾಲೀಕರು ಸರ್ವರ್ ನಿಧಾನವಾಗಿದೆ ಎಂದುಕೊಂಡಿದ್ದರು. ರೆಕಾರ್ಡಿಂಗ್ ನೋಡಿ, ಅದೇ ಪುಟವನ್ನು ಫೋನಿನಲ್ಲಿ ತುಂಬಿ ನೋಡಿದಾಗ ಕಂಡದ್ದೇ ಬೇರೆ: ಬ್ರೌಸರ್ ಫೋನ್ ಸಂಖ್ಯೆಯನ್ನು +91 ಸೇರಿಸಿಕೊಂಡು ತಾನಾಗಿಯೇ ತುಂಬುತ್ತಿತ್ತು, ಆ ಜಾಗದಲ್ಲಿ 10 ಅಕ್ಷರಗಳಿಗಷ್ಟೇ ಅವಕಾಶವಿದ್ದುದರಿಂದ ಸಂಖ್ಯೆಯ ಬಾಲ ಕತ್ತರಿಸಿಹೋಗುತ್ತಿತ್ತು, ಸಂಖ್ಯೆ ತಪ್ಪಾಗಿದೆ ಎಂಬ ಸೂಚನೆಯು ಫಾರಂನ ತಲೆಯ ಮೇಲೆ, ಕೀಬೋರ್ಡ್ ತೆರೆದಿರುವಾಗ ಕಣ್ಣಿಗೆ ಬೀಳದ ಎತ್ತರದಲ್ಲಿ ಬರುತ್ತಿತ್ತು. ಸರಿಪಡಿಸಲು ಅರ್ಧ ದಿನವೂ ಹಿಡಿಯಲಿಲ್ಲ. ಅಂಕಿಗಳ ಪಟ್ಟಿ ಇದನ್ನು ಎಂದೂ ತೋರಿಸುತ್ತಿರಲಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಇವರೆಲ್ಲ ಬರೀ 'ಬಿಟ್ಟುಹೋದವರು'.

ಕ್ಲಾರಿಟಿಯು ತಾನೇ ಗುರುತಿಸಿಕೊಡುವ ಸೂಚನೆಗಳು ಉಪಯುಕ್ತವೇ, ಆದರೆ ಅವುಗಳನ್ನು ಕಣ್ಣುಮುಚ್ಚಿ ನಂಬಬಾರದು. ಒಂದೇ ಜಾಗವನ್ನು ಪಟಪಟನೆ ಒತ್ತಿದರೆ ಅದು ರೇಜ್ ಕ್ಲಿಕ್; ಒತ್ತಿದರೂ ಪುಟದಲ್ಲಿ ಏನೂ ಆಗದಿದ್ದರೆ ಡೆಡ್ ಕ್ಲಿಕ್. ಚಿತ್ರಗಳನ್ನು ಸರಿಸುವ ಬಾಣದ ಗುರುತನ್ನು ಯಾರಾದರೂ ಬೇಗ ಬೇಗ ಒತ್ತಿದರೂ ಅದು ರೇಜ್ ಕ್ಲಿಕ್ ಪಟ್ಟಿಗೆ ಸೇರಬಹುದು. ಅವರಿಗೆ ಸಿಟ್ಟು ಬಂದಿರುವುದಿಲ್ಲ, ಮುಂದಿನ ಸೀರೆ ನೋಡುವ ಆತುರವಿರುತ್ತದೆ. ನನ್ನ ಮಟ್ಟಿಗೆ ಡೆಡ್ ಕ್ಲಿಕ್‌ಗಳೇ ಹೆಚ್ಚು ಬೆಲೆಯುಳ್ಳವು, ಅಲ್ಲಿ ಏನೋ ಇರಬೇಕೆಂದು ಗಿರಾಕಿ ನಿರೀಕ್ಷಿಸಿದ್ದಕ್ಕೆ ಅವು ಸಾಕ್ಷಿ. ಟಿಪ್ಪಣಿ ಬರೆಯುವಾಗ ಕಂಡದ್ದನ್ನು ಮಾತ್ರ ಬರೆಯಿರಿ. 'ಬೆಲೆ ಹೆಚ್ಚೆನಿಸಿತು' ಎಂಬುದು ನಿಮ್ಮ ಊಹೆ. 'ಬೆಲೆಯ ತನಕ ಸರಿಸಿ, ಮೇಲೆ ಹೋಗಿ, ಚಿತ್ರವನ್ನು ಎರಡು ಸಲ ಒತ್ತಿ, ಹೊರಟರು' ಎಂಬುದು ಕಂಡದ್ದು.

ಹುಬ್ಬಳ್ಳಿಯಿಂದ, ಮಸಾಲೆ ಪುಡಿಗಳ ಮಾರಾಟಗಾರರು

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬಿಟ್ಟುಹೋದವರನ್ನು ಮಾತ್ರ ನೋಡಿದರೆ ಅರ್ಧವಷ್ಟೇ ತಿಳಿಯುತ್ತದೆ. ನಮಗೆ ಹೆಚ್ಚು ಕಲಿಸಿದ್ದು ಕೊಂಡವರ ರೆಕಾರ್ಡಿಂಗ್‌ಗಳು. ಅವರೂ ಸಲೀಸಾಗಿ ಕೊಂಡಿರಲಿಲ್ಲ. ಕಾರ್ಟಿನಿಂದ ಹೊರಬಂದು, ಪುಟದ ತಳಕ್ಕೆ ಇಳಿದು, ಸಾಗಣೆ ವೆಚ್ಚದ ನಿಯಮಗಳನ್ನು ಹುಡುಕಿ ಓದಿ, ಮತ್ತೆ ಕಾರ್ಟಿಗೆ ಬಂದಿದ್ದರು. ಆಮೇಲೆ ಬಿಟ್ಟುಹೋದವರನ್ನು ನೋಡಿದಾಗ ಅವರೂ ಅದೇ ದಾರಿಯಲ್ಲಿ ಅರ್ಧ ನಡೆದು ಕೈಬಿಟ್ಟಿದ್ದು ಸ್ಪಷ್ಟವಾಯಿತು. ಸಾಗಣೆ ವೆಚ್ಚವನ್ನು ಪುಡಿಯ ಬೆಲೆಯ ಕೆಳಗೇ ಬರೆದ ಮೇಲೆ ಆ ಅಲೆದಾಟ ಬಹುಮಟ್ಟಿಗೆ ನಿಂತಿತು.

ಇನ್ನೊಂದು ವಿಷಯ. ಅಂಗಡಿಗೆ ಬಂದ ಹೆಣ್ಣುಮಕ್ಕಳು ಸೀರೆ ಆರಿಸಿ 'ತೆಗೆದಿಡಿ, ಮನೆಯವರನ್ನು ಕೇಳಿ ಬರುತ್ತೇನೆ' ಎನ್ನುವಂತೆ, ಕಾರ್ಟನ್ನೂ ಬಹಳಷ್ಟು ಜನ ತೆಗೆದಿಡುವ ಜಾಗವಾಗಿ ಬಳಸುತ್ತಾರೆ. ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೋ ಮಗಳಿಗೋ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ರೆಕಾರ್ಡಿಂಗ್‌ನಲ್ಲಿ ಅದು ಏನೂ ನಡೆಯದ ಹೊತ್ತಾಗಿ ಕಾಣುತ್ತದೆ, ಅಷ್ಟೇ. ಅದಕ್ಕೇ ಹೇಳುವುದು: ಕೊಂಡವರಿಗೆ ಪಾರ್ಸೆಲ್ ತಲುಪಿದ ಮೇಲೆ ಫೋನ್ ಮಾಡಿ, ಕೊಳ್ಳುವಾಗ ಎಲ್ಲಿ ಅನುಮಾನ ಬಂತೆಂದು ಕೇಳಿರಿ. ಅವರ ರೆಕಾರ್ಡಿಂಗ್ ನೋಡಿದ್ದೇವೆಂದು ಮಾತ್ರ ಹೇಳಬೇಕಾದ ಪ್ರಮೇಯವೇ ಬರಬಾರದು. ಯಾರ ರೆಕಾರ್ಡಿಂಗ್ ಯಾವುದೆಂದು ಹೊಂದಿಸಿ ನೋಡುವ ಚಟಕ್ಕೆ ಬೀಳಬೇಡಿ.

ಮ್ಯೂನಿಕ್‌ನಿಂದ, ಜಾಲತಾಣ ಕಟ್ಟುವ ಎಂಜಿನಿಯರ್

ಪಾವತಿಯ ಹಂತದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ರೆಕಾರ್ಡಿಂಗ್ ಎಂದು ಕರೆದರೂ ಇದು ಪರದೆಯ ವಿಡಿಯೊ ಆಗಿರುವುದಿಲ್ಲ. ಪುಟದ ರಚನೆಯನ್ನೂ ಅದರಲ್ಲಾಗುವ ಬದಲಾವಣೆಗಳನ್ನೂ ಒತ್ತುವಿಕೆ, ಸರಿಸುವಿಕೆಗಳನ್ನೂ ಪುಟದಲ್ಲಿ ಸೇರಿಸಿದ ಸಣ್ಣ ಪ್ರೋಗ್ರಾಂ (ಸ್ಕ್ರಿಪ್ಟ್) ಒಂದು ಬರೆದುಕೊಂಡು ಕಳಿಸುತ್ತದೆ. ನೀವು ನೋಡುವಾಗ ಪುಟ ಮತ್ತೆ ಕಟ್ಟಲ್ಪಡುತ್ತದೆ. ಹೀಗಾಗಿ ನಿಮ್ಮ ಪುಟದೊಳಗೇ ತೆರೆದುಕೊಳ್ಳುವ ಪೇಮೆಂಟ್ ಗೇಟ್‌ವೇ (ಹಣ ಪಾವತಿ ನಡೆಸಿಕೊಡುವ ಸೇವೆ) ಚೌಕಟ್ಟು ಬೇರೆ ಜಾಲತಾಣದ ವಿಳಾಸದಿಂದ ಬರುತ್ತಿದ್ದರೆ, ಅದರೊಳಗೆ ನಡೆದದ್ದು ನಿಮಗೆ ಕಾಣುವುದಿಲ್ಲ, ಕಾಣಲೂಬಾರದು. ಗಿರಾಕಿ ಯುಪಿಐ ಆ್ಯಪ್‌ಗೆ ಹೋದರೆ ರೆಕಾರ್ಡಿಂಗ್ ಅಲ್ಲಿಗೇ ನಿಂತಂತೆ ತೋರುತ್ತದೆ. ಹಣ ಕಟ್ಟಿ ಮರಳುವಷ್ಟರಲ್ಲಿ ಕಡಿಮೆ ಮೆಮೊರಿಯ ಫೋನು ಬ್ರೌಸರ್ ಪುಟವನ್ನು ಕೊಂದಿರಲೂಬಹುದು. ಅಂಥವರನ್ನು 'ಬಿಟ್ಟುಹೋದವರು' ಎಂದು ಎಣಿಸುವ ಮುನ್ನ ಗೇಟ್‌ವೇಯ ಸ್ವಂತ ಡ್ಯಾಶ್‌ಬೋರ್ಡ್‌ನಲ್ಲಿ ಆ ಹೊತ್ತಿನ ವಿಫಲ ಪಾವತಿಗಳನ್ನು ತಾಳೆ ನೋಡಿ. ನಿಮ್ಮ ಗಿರಾಕಿಗಳು ಇನ್‌ಸ್ಟಾಗ್ರಾಮ್‌ನಿಂದ ಬರುವವರೆಂದಿರಿ. ಆ ಆ್ಯಪ್ ಕೊಂಡಿಗಳನ್ನು ತನ್ನೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತದೆ, ಅಂಥ ಬ್ರೌಸರ್‌ಗಳಿಂದ ಯುಪಿಐ ಆ್ಯಪ್‌ಗೆ ಜಿಗಿಯುವುದು ಕೆಲವೊಮ್ಮೆ ಸಾಧ್ಯವಾಗುವುದಿಲ್ಲ. ನಾನಾಗಿದ್ದರೆ ಮೊದಲು ಇದನ್ನೇ, ಒಂದು ಅಗ್ಗದ ಆಂಡ್ರಾಯ್ಡ್ ಫೋನ್ ಹಿಡಿದು, ಪರೀಕ್ಷಿಸುತ್ತಿದ್ದೆ.

ನಿಮ್ಮ ಅಳುಕಿನ ಬಗ್ಗೆ: ಅದು ನ್ಯಾಯವಾದದ್ದು. 2017ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಜಗತ್ತಿನಲ್ಲಿ ಅತಿ ಹೆಚ್ಚು ಜನ ನೋಡುವ 50,000 ಜಾಲತಾಣಗಳಲ್ಲಿ 482ರಲ್ಲಿ ಇಂಥ ರೆಕಾರ್ಡಿಂಗ್ ನಡೆಯುತ್ತಿದ್ದುದಕ್ಕೆ ಪುರಾವೆ ಸಿಕ್ಕಿದ್ದನ್ನೂ, ಜನ ಟೈಪ್ ಮಾಡಿದ ಸೂಕ್ಷ್ಮ ಮಾಹಿತಿ ಹೇಗೆ ಹೊರಗಿನ ಕಂಪನಿಗಳಿಗೆ ಸೋರಬಹುದು ಎಂಬುದನ್ನೂ ಪ್ರಕಟಿಸಿದರು. 2019ರಲ್ಲಿ ಆ್ಯಪಲ್ ಕಂಪನಿಯು ಐಫೋನ್ ಆ್ಯಪ್‌ಗಳಲ್ಲಿ ಪರದೆಯನ್ನು ದಾಖಲಿಸುವುದಾದರೆ ಬಳಕೆದಾರರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಇಲ್ಲವೇ ಆ ಕೋಡ್ ತೆಗೆದುಹಾಕಬೇಕು ಎಂದು ತಾಕೀತು ಮಾಡಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಕೇಳುವಾಗ ಸರಳವಾದ ತಿಳಿವಳಿಕೆ ಸೂಚನೆ ಕೊಡಬೇಕೆನ್ನುತ್ತದೆ. ಅದನ್ನು ಇಂಗ್ಲಿಷಿನಲ್ಲಾಗಲಿ, ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಗಿರಾಕಿಗೆ ಇರಬೇಕು. ಯುರೋಪಿನಲ್ಲಿ ನೆಲೆಸಿದ ಕನ್ನಡಿಗರಿಗೂ ನೀವು ಸೀರೆ ಮಾರುವುದಾದರೆ, ಅಲ್ಲಿಂದ ಬರುವವರು ಒಪ್ಪುವ ಮುನ್ನ ರೆಕಾರ್ಡಿಂಗ್ ಆರಂಭವಾಗದಂತೆ ಮಾಡಿಸಿಕೊಳ್ಳಿ. ವಿಳಾಸದ ಪುಟದಲ್ಲಿರುವ ಎಲ್ಲವನ್ನೂ ರೆಕಾರ್ಡಿಂಗ್‌ನಲ್ಲಿ ಮುಚ್ಚುವ ಸೆಟ್ಟಿಂಗ್ ಹಾಕಿರಿ. ಗಿರಾಕಿ ಎಲ್ಲಿ ತಡವರಿಸಿದರು ಎಂದು ತಿಳಿಯಲು ಅವರ ಮನೆ ಎಲ್ಲಿದೆ ಎಂದು ತಿಳಿಯಬೇಕಾಗಿಲ್ಲ.

ಕೇಳಿದವರು

ನಿಮ್ಮೆಲ್ಲರಿಗೂ ಧನ್ಯವಾದಗಳು. ನಮ್ಮ ಜಾಲತಾಣದಲ್ಲಿ ಜನ ಕಳಚಿಕೊಳ್ಳುತ್ತಿರುವುದು ಕಾರ್ಟಿನಿಂದ ವಿಳಾಸಕ್ಕೆ ಹೋಗುವಾಗ. ಅಂಥವರನ್ನು ಬೇರ್ಪಡಿಸಿ ನೋಡಿದೆ. ಕಾರ್ಟಿನಲ್ಲಿರುವ ಸೀರೆಯ ಪುಟಕ್ಕೆ ಮರಳಿ, ಸೆರಗಿನ ಚಿತ್ರವನ್ನು ದೊಡ್ಡದು ಮಾಡಲು ಒತ್ತುತ್ತಾರೆ, ಅದು ದೊಡ್ಡದಾಗುವುದಿಲ್ಲ. ಆಮೇಲೆ ವಿವರಣೆಯ ತುದಿಯವರೆಗೆ ಸರಿಸುತ್ತಾರೆ. ಸೀರೆ ಆರು ಗಜದ್ದೋ ಎಂಟು ಗಜದ್ದೋ, ಒಡಲು ಹತ್ತಿಯದೋ ರೇಷ್ಮೆಯದೋ, ಜೊತೆಗೆ ರವಿಕೆಯ ಖಣ ಬರುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಎಲ್ಲೂ ಇಲ್ಲ. ಅಂಗಡಿಯಲ್ಲಿ ದಿನವೂ ಬಾಯಲ್ಲಿ ಹೇಳುವ ಮಾತಾದ್ದರಿಂದ ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಚಿತ್ರವನ್ನೂ ಈ ವಿವರವನ್ನೂ ಈ ವಾರ ಸರಿಪಡಿಸುತ್ತಿದ್ದೇವೆ. ಒಂದೇ ಅನುಮಾನ ಉಳಿದಿದೆ: ರೆಕಾರ್ಡಿಂಗ್‌ನಲ್ಲಿ ಸೀರೆಯ ಬೆಲೆ ಇರಬೇಕಾದಲ್ಲಿ ಬರೀ ಚುಕ್ಕಿಗಳಿವೆ. ಗಿರಾಕಿಗೂ ಹಾಗೆಯೇ ಕಾಣುತ್ತಿದೆಯೇ?

ಬೆಂಗಳೂರಿನಿಂದ

ಇಲ್ಲ, ಗಿರಾಕಿಗೆ ಬೆಲೆ ಸರಿಯಾಗಿಯೇ ಕಾಣುತ್ತದೆ. ಕ್ಲಾರಿಟಿಯ ಮೂಲ ಸೆಟ್ಟಿಂಗ್ ಪುಟದಲ್ಲಿರುವ ಅಂಕಿಗಳನ್ನೂ ಇಮೇಲ್ ವಿಳಾಸಗಳನ್ನೂ ಮುಚ್ಚಿಯೇ ದಾಖಲಿಸುತ್ತದೆ. ಬೆಲೆಯ ಭಾಗವೊಂದನ್ನು ಮಾತ್ರ ಮುಚ್ಚದಂತೆ ಹೇಳಲು ಅವಕಾಶವಿದೆ, ಉಳಿದದ್ದನ್ನು ಹಾಗೆಯೇ ಬಿಡಿ. ಬದಲಾವಣೆ ಜಾರಿಯಾದ ದಿನಾಂಕವನ್ನು ಬರೆದಿಟ್ಟುಕೊಂಡು, ಅದರ ಹಿಂದಿನ ಮತ್ತು ಮುಂದಿನ ಎರಡೆರಡು ವಾರಗಳಲ್ಲಿ ಕಾರ್ಟಿನಿಂದ ವಿಳಾಸಕ್ಕೆ ದಾಟಿದವರ ಪ್ರಮಾಣವನ್ನು ಹೋಲಿಸಿ. ನಡುವೆ ಹಬ್ಬ ಬಂದರೆ ಆ ಹೋಲಿಕೆಗೆ ಅರ್ಥವಿರುವುದಿಲ್ಲ. ಸಾಮಾನ್ಯ ರೆಕಾರ್ಡಿಂಗ್‌ಗಳು 30 ದಿನಗಳ ನಂತರ ಅಳಿದುಹೋಗುತ್ತವೆ, ಆದ್ದರಿಂದ ಸೆರಗಿನ ಚಿತ್ರ ಒತ್ತಿದ ಎರಡು ಮೂರು ರೆಕಾರ್ಡಿಂಗ್‌ಗಳಿಗೆ ಈಗಲೇ ಲೇಬಲ್ ಹಾಕಿ ಉಳಿಸಿಕೊಂಡು ಜಾಲತಾಣ ಮಾಡಿಕೊಟ್ಟವರಿಗೆ ತೋರಿಸಿ. ಏನು ಸರಿಪಡಿಸಬೇಕೆಂದು ಅವರಿಗೆ ಬೇರೆಯಾಗಿ ಬರೆದು ಕೊಡಬೇಕಾಗುವುದಿಲ್ಲ.