ಸಹಾಯ ಬೇಕು: ಸಂಧಿವಾತ ಇರುವ ಕೈಗೆ ಯಾವ ಲಾಂಗ್‌ಬೋ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿರುವ ಕನ್ನಡಿಗ, ವಯಸ್ಸು 58. ಒಂಬತ್ತು ವರ್ಷದಿಂದ ಲಾಂಗ್‌ಬೋ (ಉದ್ದನೆಯ ಸಾಂಪ್ರದಾಯಿಕ ಬಿಲ್ಲು) ಅಭ್ಯಾಸ ಮಾಡುತ್ತಿದ್ದೇನೆ. ಈಗ ಎಡಗೈ ಹೆಬ್ಬೆರಳಿನ ಬುಡಕ್ಕೆ ಸಂಧಿವಾತ ಬಂದಿದೆ. ಬಾಣ ಬಿಟ್ಟ ಕೂಡಲೇ ಬಿಲ್ಲಿನ ಏಟು ಮಣಿಕಟ್ಟಿನಿಂದ ಮೊಣಕೈವರೆಗೂ ಏರುತ್ತದೆ. ಮೂರು ಡಜನ್ ಬಾಣ ಮುಗಿಯುವಷ್ಟರಲ್ಲಿ ಟೀ ಲೋಟ ಹಿಡಿಯುವುದೂ ಕಷ್ಟ.

ಈಗಿನ ಬಿಲ್ಲು 45 ಪೌಂಡಿನದು, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಅಷ್ಟು ಬಲ ಬೇಕು. 32ಕ್ಕೆ ಇಳಿಯುತ್ತೇನೆ, ಅದು ನಿರ್ಧಾರವಾಗಿದೆ. ಆದರೆ ಪೌಂಡ್ ಇಳಿಸಿದರಷ್ಟೇ ಸಾಲದು, ಅಲ್ವಾ? ತುದಿಗಳು ಭಾರ ಇದ್ದರೆ ಕಡಿಮೆ ಪೌಂಡಿನ ಬಿಲ್ಲೂ ಕೈಗೆ ಹೊಡೆಯುತ್ತದೆ. ಬಾಣ ತೀರಾ ಹಗುರವಾದರೆ ಉಳಿದ ಶಕ್ತಿಯೆಲ್ಲ ಬಿಲ್ಲಿಗೇ ವಾಪಸ್. ಅದಕ್ಕೇ ಬಿಲ್ಲಿನ ಪ್ರತಿ ಪೌಂಡಿಗೆ 10 ಗ್ರೇನ್ (ಸುಮಾರು 0.65 ಗ್ರಾಂ) ಲೆಕ್ಕದಲ್ಲಿ ಭಾರದ ಮರದ ಬಾಣ ಮಾಡಿಸಿಕೊಂಡೆ. ಕಂಪನ ಸ್ವಲ್ಪ ತಗ್ಗಿದೆ, ನೋವು ಹೋಗಿಲ್ಲ.

ರಿಫ್ಲೆಕ್ಸ್-ಡಿಫ್ಲೆಕ್ಸ್ ಆಕಾರದ (ಹಿಡಿಯ ಹತ್ತಿರ ನಮ್ಮ ಕಡೆಗೆ, ತುದಿಗಳಲ್ಲಿ ಮುಂದಕ್ಕೆ ಬಾಗಿದ) ಬಿಲ್ಲು ಕೈಗೆ ಮೆತ್ತಗಿರುತ್ತದೆ ಅಂತಾರೆ. ಆದರೆ ಅಂಥವು ಜಾಸ್ತಿ ಫೈಬರ್‌ಗ್ಲಾಸ್‌ನವು. ಇಲ್ಲಿನ ಲಾಂಗ್‌ಬೋ ಸ್ಪರ್ಧೆಗೆ ಮರ ಅಥವಾ ಬಿದಿರಿನದೇ ಬೇಕು. ಬೆನ್ನಿಗೆ (ಗುರಿಯ ಕಡೆಗಿರುವ ಮೈಗೆ) ಬಿದಿರು ಅಂಟಿಸಿದ, ತುದಿ ಸಣ್ಣಗಿರುವ ಬಿಲ್ಲು ಯಾರಾದರೂ ಬಳಸಿದ್ದೀರಾ? ಹಿಡಿಗೆ ಮೆತ್ತನೆಯ ಚರ್ಮ ಸುತ್ತಿದರೆ ಉಪಯೋಗವಿದೆಯೇ? ಹಿಡಿ ದಪ್ಪ ಇರಬೇಕೋ, ಸಣ್ಣ ಇರಬೇಕೋ? ಕೀಲುನೋವು ಇಟ್ಟುಕೊಂಡೇ ಬಿಲ್ಲು ಹಿಡಿಯುವವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಇದನ್ನು ಬಿಡಲು ನನಗೆ ಮನಸ್ಸೇ ಇಲ್ಲ.