ಯಕ್ಷಗಾನದ ಹರಕೆ ಆಟದಲ್ಲಿ ಚಿಕ್ಕಂದಿನ ಮಜಾ ಈಗ ಯಾಕೆ ಸಿಗ್ತಿಲ್ಲ? ನಿಮ್ಮ ಅನುಭವ ಹೇಳಿ

ಬಂಟ್ವಾಳದವ: ಈ ಸಲ ಊರಿನ ಮನೆಯಲ್ಲಿ ಹರಕೆ ಆಟ ಇದೆ, ರಾತ್ರಿಯಿಡೀ ನಡೆಯುವ ದೇವಿ ಮಹಾತ್ಮೆ ಪ್ರಸಂಗ. ಚಿಕ್ಕಂದಿನಲ್ಲಿ ಬೆಳಗಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಈಗ ಹನ್ನೊಂದಕ್ಕೇ ಆಕಳಿಕೆ, ಕೈ ಮೊಬೈಲಿಗೆ ಹೋಗುತ್ತದೆ. ಆ ಮಜಾ ತಿರುಗಿ ಬರುತ್ತದಾ? ಒಂಬತ್ತು ವರ್ಷದ ಮಗನನ್ನು ರಾತ್ರಿಯಿಡೀ ಕೂರಿಸಲಾ, ಮೊದಲು ಕೆಲವೇ ಗಂಟೆಯಲ್ಲಿ ಮುಗಿಯುವ ಒಂದು ಕಾಲಮಿತಿ ಆಟ ತೋರಿಸಲಾ?

ಆಟ ಆಡಿಸಿದವ: ಕಳೆದ ವರ್ಷ ನಮ್ಮದೂ ಹರಕೆ ಆಟ ಇತ್ತು. ಮೇಳದ ವೀಳ್ಯ, ಅಂದರೆ ಆಡುವ ತಂಡಕ್ಕೆ ಕೊಡುವ ಹಣ, ಬಿಡಿ, ಅದು ದೇವರಿಗೆ ಕೊಟ್ಟದ್ದು. ಶಾಮಿಯಾನ, ಕುರ್ಚಿ 42,000. ಜನರೇಟರ್ 9,500, ಡೀಸೆಲ್ ಬೇರೆ. ಊಟ 600 ಜನಕ್ಕೆ ಹೇಳಿದ್ದು, ಬಂದವರು 850, ಒಂಬತ್ತಕ್ಕೇ ಸಾರು ಮುಗಿದು ಮತ್ತೆ ಬೇಳೆ ಬೇಯಲು ಇಟ್ಟೆವು, ಅಡುಗೆಯವರು ಅದಕ್ಕೆ 6,000 ಜಾಸ್ತಿ ಕೇಳಿದರು. ಮಹಿಷಾಸುರ ಜನರ ನಡುವಿನಿಂದ ದೊಂದಿ (ಪಂಜು) ಬೆಳಕಲ್ಲಿ ಬರುವಾಗ ನಾನು ಗದ್ದೆಯ ಕೆಸರಲ್ಲಿ ಹೂತ ಯಾರದ್ದೋ ಕಾರು ತಳ್ಳುತ್ತಿದ್ದೆ. ಒಂದು ವೇಷ ಸರಿಯಾಗಿ ನೋಡಲಿಲ್ಲ. ಆದರೆ ಊರವರು ಹೊಟ್ಟೆ ತುಂಬ ಉಂಡು, ಬೆಳಿಗ್ಗೆ ಪ್ರಸಾದ ತೆಗೆದುಕೊಂಡು ಹೋದರಲ್ಲ, ಆ ಖುಷಿಗೆ ಸಮ ಯಾವುದೂ ಇಲ್ಲ ಮಾರಾಯ್ರೆ.

ಬೆಳಗಿನ ಪಾಳಿ: ನಾನು ನರ್ಸ್. ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಕಾಲಮಿತಿ ಬಂದ ಮೇಲೆಯೇ ನನಗೆ ಆಟ ಮತ್ತೆ ಸಿಕ್ಕಿದ್ದು. ಚಿಕ್ಕವಳಿದ್ದಾಗ ಹಾಸ್ಯಗಾರರು ಬಂದರೆ ಎದ್ದು ಕೂರುವುದು, ಉಳಿದ ಹೊತ್ತು ಚಾಪೆ ಮೇಲೆ ನಿದ್ದೆ. ಈಗ ನನಗೆ ಅರ್ಥಗಾರಿಕೆಯ, ಅಂದರೆ ವೇಷದವರ ಸಂಭಾಷಣೆಯ, ಒಂದೊಂದು ಮಾತೂ ಬೇಕು.

ದೊಂದಿ: ಕಾಲಮಿತಿ ಅಂದರೆ ಪಾಯಸ ಬಡಿಸದೆ ಎಲೆ ಎತ್ತಿಸಿದ ಹಾಗೆ. ದೇವಿ ಮಹಾತ್ಮೆಯ ಅಸುರ ರಕ್ತಬೀಜ ಬೆಳಗಿನ ಜಾವಕ್ಕೇ ಬರಬೇಕು. ಪದ್ಯ ಹಾರಿಸಿ ಓಡಿಸುವ ಆಟ ನೋಡಿ ಮಜಾ ಬಂತು ಅನ್ನುವವರಿಗೆ ಆಟವೇ ಗೊತ್ತಿಲ್ಲ.

ಬೆಳಗಿನ ಪಾಳಿ: ನಿದ್ದೆಗೆಟ್ಟು ಬಂದವರ ಕೈಯಿಂದ ನೀವು ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತೀರಾ? ಮತ್ತೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ ಅನ್ನುವ ನಿಯಮ 2000ದಿಂದಲೇ ಇದೆ. ಸರಕಾರ ಸಡಿಲ ಮಾಡಿದರೂ ವರ್ಷಕ್ಕೆ 15 ದಿನ, ಅದೂ ಮಧ್ಯರಾತ್ರಿವರೆಗೆ ಮಾತ್ರ.

ದೊಂದಿ: ಮೈಕ್ ಬೇಡ ಅಂದರೆ ಮೈಕ್ ತೆಗೆಯಲಿ, ಆಟ ಎಂತಕ್ಕೆ ಕತ್ತರಿಸುವುದು? ಚೆಂಡೆಗೆ ಮೈಕ್ ಬೇಕಾ?

ಆಟ ಆಡಿಸಿದವ: ಮೈಕ್ ಇಲ್ಲದೆ 850 ಜನಕ್ಕೆ ಹಾಡುವ ಭಾಗವತರ ಪದ ಕೇಳಿಸುತ್ತದಾ? ಒಮ್ಮೆ ಆಡಿಸಿ ನೋಡಿ, ಆಮೇಲೆ ಮಾತಾಡಿ.

ಕೋಲು ಹಿಡಿದವ: ನನಗೂ ಕೂತು ನೋಡುವುದು ಸಾಕಾಗಿತ್ತು. ನಲವತ್ತು ದಾಟಿದ ಮೇಲೆ ಚೆಂಡೆ ಕಲಿಯಲು ಸೇರಿದೆ. ಚೆಂಡೆಗೆ 16,000 ಕೊಟ್ಟೆ. ಮೊದಲ ಮಳೆಗಾಲಕ್ಕೇ ಚರ್ಮ ಸಡಿಲವಾಗಿ ನಾದ ಸತ್ತು ಹೋಯಿತು, ರಿಪೇರಿಗೆ 3,500, ಊರಿಗೆ ಸಾಗಿಸಿದ ಬಸ್ ಚಾರ್ಜು ಬೇರೆ. ಹೆಗಲು ನೋವಿಗೆ ಫಿಸಿಯೋಥೆರಪಿ. ಫ್ಲ್ಯಾಟಿನಲ್ಲಿ ಬಾರಿಸುವ ಹಾಗಿಲ್ಲ, ಮರದ ಹಲಗೆ ಮೇಲೆ ಕೋಲು ಕುಟ್ಟುತ್ತೇನೆ, ಅದಕ್ಕೂ ಕೆಳಗಿನ ಮನೆಯವರು ಬಂದು ಬೈದರು. ಆದರೆ ಈಗ ಆಟಕ್ಕೆ ಹೋದರೆ ಕಣ್ಣು ವೇಷದ ಮೇಲಲ್ಲ, ಚೆಂಡೆಯವರ ಮಣಿಕಟ್ಟಿನ ಮೇಲೆ. ನಿದ್ದೆ ಹತ್ತಿರ ಸುಳಿಯುವುದಿಲ್ಲ.

ದೊಂದಿ: ಅದಾ ಸರಿ. ಅರ್ಧಕ್ಕೆ ಎದ್ದು ಮನೆಗೆ ಓಡುವುದಲ್ಲ.

ಬೆಳಗಿನ ಪಾಳಿ: ಮತ್ತೆ ಶುರು ಮಾಡಿದಿರಾ? ನಾನು ಮಂಗಳ ಹಾಡುವವರೆಗೆ ಕೂತೇ ಏಳುವವಳು.

ಬಂಟ್ವಾಳದವ: ಮಗನ ವಿಷಯ ಯಾರಾದರೂ ಹೇಳಿ.

ಚೌಕಿ: ಅವನನ್ನು ಕುರ್ಚಿಯಲ್ಲಿ ಕೂರಿಸಬೇಡಿ, ನಾವು ಯಾರು ಕೂತಿದ್ದೆವು? ಚರುಮುರಿ ಅಂಗಡಿಗೂ ವೇಷದವರು ಬಣ್ಣ ಹಚ್ಚುವ ಚೌಕಿಗೂ ಓಡಾಡಿಕೊಂಡೇ ಇದ್ದದ್ದು. ಬಣ್ಣದ ವೇಷದವರು (ಅಸುರ ಪಾತ್ರದವರು) ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚಿಟ್ಟಿ (ಉಬ್ಬು ಚುಕ್ಕಿ) ಇಡುತ್ತಾರೆ, ಗಂಟೆಗಟ್ಟಲೆ ಕೆಲಸ. ಅದನ್ನು ಪಕ್ಕದಲ್ಲಿ ನಿಂತು ನೋಡಲಿ. ಫೋಟೊ ತೆಗೆಯುವ ಮೊದಲು ಅವರನ್ನು ಕೇಳಿ. ನಿದ್ದೆ ಬಂದರೆ ಚಾಪೆ ಹಾಸಿ ಮಲಗಿಸಿ, ದೊಂದಿ ಹಚ್ಚುವಾಗ ಎಬ್ಬಿಸಿ. ನಮ್ಮ ಮಗಳಿಗೆ ಹೀಗೇ ಹಿಡಿಸಿದ್ದು, ಈಗ ಮೇ ಕೊನೆಯ ಪತ್ತನಾಜೆ ದಿನಕ್ಕೆ ಮೇಳದ ತಿರುಗಾಟ ಮುಗಿದರೆ ಅಳುತ್ತಾಳೆ.